ಕೆಂಪು ಮಣ್ಣಿನ ತುಂಬ ಕಬ್ಬಿಣ, ಆದರೂ ಬೇರಿನ ಸುತ್ತ ಅದಕ್ಕಾಗಿಯೇ ಪೈಪೋಟಿ

ಮಳೆಗಾಲ ಹತ್ತಿರವಾದಂತೆ ಕಾಸರಗೋಡಿನ ತೋಟದವರ ಮಾತಿನಲ್ಲಿ ಎರಡು ಹೆಸರು ಬಂದೇ ಬರುತ್ತವೆ. ಒಂದು ಮೈಲುತುತ್ತು, ಇನ್ನೊಂದು ಸ್ಯೂಡೊಮೊನಾಸ್. ಮೈಲುತುತ್ತು ತಲೆಮಾರುಗಳಿಂದ ಅಡಿಕೆ ತೋಟದಲ್ಲಿ ಬಳಕೆಯಲ್ಲಿದೆ, ಅದರ ಬಗ್ಗೆ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಸ್ಯೂಡೊಮೊನಾಸ್ ಎಂಬುದು ಒಂದು ಬ್ಯಾಕ್ಟೀರಿಯಾ, ಕೃಷಿ ಭವನದಲ್ಲೋ ಗೊಬ್ಬರದ ಅಂಗಡಿಯಲ್ಲೋ ಬಿಳಿ ಪುಡಿಯ ರೂಪದಲ್ಲಿ ಸಿಗುತ್ತದೆ. ಒಳ್ಳೆಮೆಣಸಿನ ಬುಡಕ್ಕೆ, ಶುಂಠಿಯ ಪಾತಿಗೆ, ಬದನೆ ಸಸಿಯ ಬೇರಿಗೆ ನೀರಿನಲ್ಲಿ ಕಲಸಿ ಹಾಕುತ್ತಾರೆ. ಅದು ಹೇಗೆ ಕೆಲಸ ಮಾಡುತ್ತದೆ ಎಂದು ಕೇಳಿದರೆ ಸಿಗುವ ಉತ್ತರಗಳಲ್ಲಿ ಒಂದು ಹೀಗಿದೆ: ರೋಗ ತರುವ ಸೂಕ್ಷ್ಮಜೀವಿಗೆ ಕಬ್ಬಿಣ ಸಿಗದ ಹಾಗೆ ಮಾಡುತ್ತದೆ.

ಈ ಉತ್ತರ ನಮ್ಮೂರಿನವರಿಗೆ ಸುಲಭವಾಗಿ ಒಪ್ಪಿಗೆಯಾಗುವಂಥದ್ದಲ್ಲ. ಬದಿಯಡ್ಕ, ಪೆರ್ಲ, ಬಾಯಾರು, ಪೈವಳಿಕೆ ಕಡೆ ಎಲ್ಲಿ ಗುಡ್ಡ ಕಡಿದರೂ ಮುರಕಲ್ಲು. ಬೇಕಲ ಕೋಟೆ ಕಟ್ಟಿದ್ದು ಇದೇ ಕಲ್ಲಿನಿಂದ, ನಮ್ಮ ಹಿರಿಯರು ನೀರಿಗಾಗಿ ಸುರಂಗ ಕೊರೆದದ್ದೂ ಇದೇ ಕಲ್ಲಿನಲ್ಲಿ. ಕಲ್ಲಿಗೂ ಮಣ್ಣಿಗೂ ಆ ಕೆಂಪು ಬಂದದ್ದು ಕಬ್ಬಿಣದಿಂದ. ಕಬ್ಬಿಣದ ರಾಶಿಯ ಮೇಲೆಯೇ ಬದುಕುವ ಜೀವಿಗೆ ಕಬ್ಬಿಣದ ಬರ ಹೇಗೆ ಬರುತ್ತದೆ? ಪುಡಿಯ ಕೆಲಸ ಅರ್ಥವಾಗಬೇಕಿದ್ದರೆ ಮೊದಲು ಈ ಪ್ರಶ್ನೆಗೆ ಉತ್ತರ ಸಿಗಬೇಕು.

## ಕಣ್ಣೆದುರು ಇದೆ, ಬಾಯಿಗೆ ಬರುವುದಿಲ್ಲ

ಭೂಮಿಯ ಹೊರಪದರದ ತೂಕದಲ್ಲಿ ಕಬ್ಬಿಣದ ಪಾಲು ಸುಮಾರು ಶೇ. 5. ಆಮ್ಲಜನಕ, ಸಿಲಿಕಾನ್, ಅಲ್ಯೂಮಿನಿಯಂ ಬಿಟ್ಟರೆ ನಾಲ್ಕನೆಯ ಸ್ಥಾನ ಅದಕ್ಕೇ. ಕರಾವಳಿಯಲ್ಲಿ ಈ ಪಾಲು ಇನ್ನೂ ಹೆಚ್ಚು. ಲಕ್ಷಾಂತರ ವರ್ಷಗಳ ಜಡಿಮಳೆ ಕಲ್ಲಿನಲ್ಲಿದ್ದ ಸುಣ್ಣ, ಪೊಟ್ಯಾಷ್, ಮೆಗ್ನೀಷಿಯಂ, ಬಹುಪಾಲು ಸಿಲಿಕಾ ಎಲ್ಲವನ್ನೂ ತೊಳೆದುಕೊಂಡು ಹೋಗಿದೆ. ಕರಗದೆ ಉಳಿದದ್ದು ಕಬ್ಬಿಣ ಮತ್ತು ಅಲ್ಯೂಮಿನಿಯಂ. ಮುರಕಲ್ಲು ಎಂದರೆ ಹೀಗೆ ತೊಳೆದು ಉಳಿದ ಶೇಷ. ಕರಗಲಿಲ್ಲ ಎಂಬ ಕಾರಣಕ್ಕೇ ಅದು ಇಲ್ಲಿ ಉಳಿಯಿತು, ಕರಗುವುದಿಲ್ಲ ಎಂಬ ಕಾರಣಕ್ಕೇ ಜೀವಿಗಳ ಕೈಗೆ ಸಿಗುವುದಿಲ್ಲ.

ಕಬ್ಬಿಣಕ್ಕೆ ಮಣ್ಣಿನಲ್ಲಿ ಮುಖ್ಯವಾಗಿ ಎರಡು ರೂಪ. ಗಾಳಿ ಆಡದ ಜಾಗದಲ್ಲಿ ಅದು ಫೆರಸ್ ರೂಪದಲ್ಲಿರುತ್ತದೆ, ನೀರಿನಲ್ಲಿ ಚೆನ್ನಾಗಿ ಕರಗುತ್ತದೆ. ಗಾಳಿ ತಗಲಿತೋ, ಫೆರಿಕ್ ರೂಪಕ್ಕೆ ತಿರುಗಿ ತುಕ್ಕಾಗಿ ಕೂರುತ್ತದೆ. ಗುಡ್ಡದ ಬುಡದಲ್ಲಿ ಒಸರು ನೀರು ನಿಲ್ಲುವ ಕಡೆ, ಗದ್ದೆಯ ಕಟ್ಟಪುಣಿಯ ಬದಿಯಲ್ಲಿ ಇದು ಕಣ್ಣಿಗೇ ಕಾಣುತ್ತದೆ. ನೀರಿನ ಮೇಲೆ ಎಣ್ಣೆ ಚೆಲ್ಲಿದ ಹಾಗೆ ಬಣ್ಣಬಣ್ಣದ ಪೊರೆ, ಕೆಳಗೆ ಕಿತ್ತಳೆ ಬಣ್ಣದ ಲೋಳೆ. ಕಡ್ಡಿಯಿಂದ ಆ ಪೊರೆಯನ್ನು ಮುಟ್ಟಿ ನೋಡಿ. ಎಣ್ಣೆಯಾಗಿದ್ದರೆ ಸುತ್ತಿಕೊಂಡು ಮತ್ತೆ ಕೂಡುತ್ತಿತ್ತು. ಇದು ಚೂರು ಚೂರಾಗಿ ಒಡೆದು ಹಾಗೆಯೇ ತೇಲುತ್ತದೆ. ನೆಲದಡಿಯಿಂದ ಕರಗಿ ಬಂದ ಫೆರಸ್ ಕಬ್ಬಿಣ ಗಾಳಿ ಸೋಕಿ ತುಕ್ಕಾಗುವ ಜಾಗ ಅದು. ಆ ಬದಲಾವಣೆಯಿಂದಲೇ ಶಕ್ತಿ ಪಡೆದು ಬದುಕುವ ಬ್ಯಾಕ್ಟೀರಿಯಾಗಳೂ ಆ ಲೋಳೆಯಲ್ಲಿವೆ.

ಗಾಳಿಯಾಡುವ ತೋಟದ ಮಣ್ಣಿನಲ್ಲಿ ಇರುವುದು ಹೆಚ್ಚಾಗಿ ಫೆರಿಕ್ ಕಬ್ಬಿಣ. ಅದು ಎಷ್ಟು ಕಡಿಮೆ ಕರಗುತ್ತದೆ ಎಂಬುದಕ್ಕೆ ಒಂದು ಲೆಕ್ಕ. ಹುಳಿಯೂ ಅಲ್ಲದ ಕ್ಷಾರವೂ ಅಲ್ಲದ, ಅಂದರೆ ಪಿಎಚ್ 7 ಇರುವ ಒಂದು ಲೀಟರ್ ನೀರಿನಲ್ಲಿ ಯಾವುದಕ್ಕೂ ಅಂಟಿಕೊಳ್ಳದೆ ಮುಕ್ತವಾಗಿರುವ ಫೆರಿಕ್ ಕಣಗಳು ಸುಮಾರು 6 ಲಕ್ಷ. ಕೇಳಲು ದೊಡ್ಡ ಸಂಖ್ಯೆ. ಆದರೆ ಒಂದೇ ಒಂದು ಬ್ಯಾಕ್ಟೀರಿಯಾ ಬೆಳೆದು ಎರಡಾಗಲು ಲಕ್ಷದಿಂದ ಹತ್ತು ಲಕ್ಷದಷ್ಟು ಕಬ್ಬಿಣದ ಕಣಗಳು ಬೇಕು. ಅಂದರೆ ಲೀಟರ್ ನೀರಿನಲ್ಲಿರುವುದು ಹೆಚ್ಚುಕಡಿಮೆ ಒಂದು ಬ್ಯಾಕ್ಟೀರಿಯಾದ ಊಟ. ಒಂದು ಗ್ರಾಂ ಫಲವತ್ತಾದ ಮಣ್ಣಿನಲ್ಲಿ ಇರುವ ಬ್ಯಾಕ್ಟೀರಿಯಾಗಳು ಕೋಟಿಗಟ್ಟಲೆ.

## ಅಷ್ಟಕ್ಕೂ ಕಬ್ಬಿಣ ಯಾಕೆ ಬೇಕು

ಎಲೆಕ್ಟ್ರಾನ್ ಒಂದನ್ನು ಪಡೆಯುವುದು, ಬಿಡುವುದು, ಎರಡೂ ಕಬ್ಬಿಣಕ್ಕೆ ಸಲೀಸು. ಉಸಿರಾಟದಲ್ಲಿ ಆಹಾರದಿಂದ ಶಕ್ತಿ ತೆಗೆಯುವ ಕೆಲಸ ನಡೆಯುವುದು ಇಂಥ ಕೊಡು-ಕೊಳ್ಳುವಿಕೆಯಿಂದಲೇ. ಡಿಎನ್‌ಎ ಕಟ್ಟುವುದಕ್ಕೂ, ದ್ವಿದಳ ಬೆಳೆಗಳ ಬೇರಿನ ಗಂಟಿನಲ್ಲಿ ಗಾಳಿಯ ಸಾರಜನಕ ಹಿಡಿಯುವುದಕ್ಕೂ ಕಬ್ಬಿಣವಿರುವ ಕಿಣ್ವಗಳು ಬೇಕು. ನಮ್ಮ ರಕ್ತದ ಹಿಮೋಗ್ಲೋಬಿನ್ ಇದೇ ಕುಟುಂಬದ ಕಥೆ. ಕಬ್ಬಿಣವಿಲ್ಲದೆ ಬದುಕುವ ಜೀವಿಗಳು ಬೆರಳೆಣಿಕೆಯಷ್ಟು ಮಾತ್ರ.

## ಬೇರಿನ ಪಕ್ಕದ ಜನಸಂದಣಿ

ಗಿಡ ಎಲೆಯಲ್ಲಿ ತಯಾರಿಸಿದ ಸಕ್ಕರೆಯ ಒಂದು ಪಾಲನ್ನು ಬೇರಿನ ಮೂಲಕ ಮಣ್ಣಿಗೆ ಬಿಡುತ್ತದೆ. ಜೊತೆಗೆ ಸಾವಯವ ಆಮ್ಲಗಳು, ಅಮೈನೋ ಆಮ್ಲಗಳು, ಬೇರಿನ ತುದಿಯಿಂದ ಉದುರುವ ಜೀವಕೋಶಗಳು. ಉಳಿದ ಕಡೆ ಹಸಿದು ಮಲಗಿರುವ ಮಣ್ಣಿನ ಬ್ಯಾಕ್ಟೀರಿಯಾಗಳು ಈ ಊಟಕ್ಕಾಗಿ ಬೇರಿನ ಸುತ್ತ ಒಟ್ಟುಗೂಡುತ್ತವೆ. ಬೇರಿಗೆ ಅಂಟಿದಂತಿರುವ, ಕೆಲವೇ ಮಿಲಿಮೀಟರ್ ದಪ್ಪದ ಈ ಮಣ್ಣಿಗೆ ರೈಜೋಸ್ಫಿಯರ್ ಎಂದು ಹೆಸರಿಟ್ಟವರು ಜರ್ಮನಿಯ ಲೊರೆಂಟ್ಸ್ ಹಿಲ್ಟ್‌ನರ್, 1904ರಲ್ಲಿ. ಕನ್ನಡದಲ್ಲಿ ಬೇರುವಲಯ ಎನ್ನೋಣ.

ಬೇರುವಲಯದಲ್ಲಿ ಸಕ್ಕರೆಗೆ ಕೊರತೆ ಇಲ್ಲ. ಆದ್ದರಿಂದಲೇ ಬೇರೆ ಯಾವುದು ಕಡಿಮೆ ಇದೆಯೋ ಅದಕ್ಕೆ ಪೈಪೋಟಿ ಬಿಗಿಯಾಗುತ್ತದೆ. ಅನೇಕ ಮಣ್ಣುಗಳಲ್ಲಿ ಹಾಗೆ ಕಡಿಮೆ ಬೀಳುವ ವಸ್ತು ಕಬ್ಬಿಣ.

## ಹಗ್ಗವಿಲ್ಲದ ಪಾತಾಳಗರಡಿ

ಬಾವಿಗೆ ಕೊಡಪಾನ ಬಿದ್ದರೆ ಪಾತಾಳಗರಡಿ ಇಳಿಸುತ್ತೇವೆ. ಹತ್ತಾರು ಕೊಕ್ಕೆಗಳ ಆ ಕಬ್ಬಿಣದ ಗೊಂಚಲು ತಳದಲ್ಲಿ ತಡಕಾಡಿ, ಸಿಕ್ಕಿದ್ದನ್ನು ಬಿಗಿಯಾಗಿ ಹಿಡಿದು ಮೇಲೆ ತರುತ್ತದೆ. ಬ್ಯಾಕ್ಟೀರಿಯಾ ಮಾಡುವುದೂ ಅದನ್ನೇ. ತನ್ನೊಳಗೆ ಒಂದು ಚಿಕ್ಕ ಅಣುವನ್ನು ಕಟ್ಟಿ ಹೊರಗೆ ಬಿಡುತ್ತದೆ. ಆ ಅಣು ಮಣ್ಣಿನ ಕಣಕ್ಕೆ ಅಂಟಿದ ತುಕ್ಕಿನಿಂದ ಒಂದು ಫೆರಿಕ್ ಕಣವನ್ನು ಕಿತ್ತು, ಸುತ್ತಲಿಂದ ಆರು ಕಡೆ ಹಿಡಿದುಕೊಳ್ಳುತ್ತದೆ. ಇಂಥ ಅಣುಗಳಿಗೆ ಸಿಡೆರೊಫೋರ್ ಎಂದು ಹೆಸರು. ನಮ್ಮ ಕರುಳಿನಲ್ಲಿರುವ ಇ. ಕೊಲೈ ಬ್ಯಾಕ್ಟೀರಿಯಾ ತಯಾರಿಸುವ ಎಂಟೆರೊಬ್ಯಾಕ್ಟಿನ್ ಎಂಬ ಸಿಡೆರೊಫೋರಿನ ಹಿಡಿತವನ್ನು ರಸಾಯನಶಾಸ್ತ್ರದ ಅಳತೆಯಲ್ಲಿ ಹೇಳುವುದಾದರೆ 1ರ ಮುಂದೆ ಸುಮಾರು 50 ಸೊನ್ನೆ ಬರೆಯಬೇಕು.

ಬಾವಿಯ ಗರಡಿಗೂ ಇದಕ್ಕೂ ಒಂದೇ ವ್ಯತ್ಯಾಸ, ಆದರೆ ಮುಂದಿನ ಕಥೆಯೆಲ್ಲ ಆ ವ್ಯತ್ಯಾಸದಲ್ಲಿದೆ. ಸಿಡೆರೊಫೋರಿಗೆ ಹಗ್ಗ ಇಲ್ಲ. ಹೊರಗೆ ಬಿಟ್ಟ ಮೇಲೆ ಅದು ಯಾರಿಗೂ ಕಟ್ಟುಬಿದ್ದಿರುವುದಿಲ್ಲ. ಕಬ್ಬಿಣ ಹೊತ್ತು ತೇಲುತ್ತಿರುವ ಅಣು ಬ್ಯಾಕ್ಟೀರಿಯಾದ ಹೊರಪೊರೆಗೆ ತಾಗಬೇಕು, ಅಲ್ಲಿ ಅದಕ್ಕೆ ಸರಿಹೊಂದುವ ಬಾಗಿಲಿರಬೇಕು. ಸಾಮಾನ್ಯ ರಂಧ್ರಗಳಲ್ಲಿ ನುಸುಳಲಾರದಷ್ಟು ದೊಡ್ಡ ಅಣು ಅದು. ಅದಕ್ಕೆಂದೇ ಮಾಡಿದ ಪ್ರೋಟೀನಿನ ಬಾಗಿಲು ಅದನ್ನು ಗುರುತಿಸಿ ಒಳಕ್ಕೆ ಸೆಳೆಯುತ್ತದೆ.

ಕಬ್ಬಿಣ ಸಾಕಷ್ಟಿದ್ದರೆ ಈ ದುಂದುಗಾರಿಕೆ ಬ್ಯಾಕ್ಟೀರಿಯಾಕ್ಕೆ ಬೇಕಿಲ್ಲ. ಒಳಗಿನ ಕಬ್ಬಿಣದ ಮಟ್ಟ ನೋಡುವ ಒಂದು ಪ್ರೋಟೀನು, ಸಾಕು ಅನ್ನಿಸಿದ ಕೂಡಲೇ ಸಿಡೆರೊಫೋರ್ ತಯಾರಿಯ ಜೀನ್‌ಗಳನ್ನು ಮುಚ್ಚಿಬಿಡುತ್ತದೆ. ಕೊರತೆ ಇದ್ದರೆ ಮಾತ್ರ ಕೊಕ್ಕೆ ಹೊರಗೆ ಬರುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ತೋಟಕ್ಕೆ ಬರುವಾಗ ಬೇಕಾಗುತ್ತದೆ.

ಕಣ್ಣಿಗೆ ಕಾಣದ ಈ ಕೆಲಸವನ್ನು ಬಣ್ಣದಲ್ಲಿ ತೋರಿಸುವ ಒಂದು ಸೊಗಸಾದ ಪರೀಕ್ಷೆ ಇದೆ. 1987ರಲ್ಲಿ ಶ್ವಿನ್ ಮತ್ತು ನೀಲ್ಯಾಂಡ್ಸ್ ಎಂಬ ವಿಜ್ಞಾನಿಗಳು ಪ್ರಕಟಿಸಿದ್ದು. ಕಬ್ಬಿಣ ಕೂಡಿದ ಒಂದು ಬಣ್ಣವನ್ನು ಬೆರೆಸಿ ಅಚ್ಚ ನೀಲಿ ತಟ್ಟೆ ತಯಾರಿಸುತ್ತಾರೆ. ಅದರ ಮೇಲೆ ಬ್ಯಾಕ್ಟೀರಿಯಾ ಬೆಳೆದು ಸಿಡೆರೊಫೋರ್ ಬಿಟ್ಟರೆ, ಬಣ್ಣದಿಂದ ಕಬ್ಬಿಣ ಕಿತ್ತುಹೋಗಿ ಚುಕ್ಕೆಯ ಸುತ್ತ ಕಿತ್ತಳೆ ಬಣ್ಣದ ವರ್ತುಲ ಹರಡುತ್ತದೆ. ವರ್ತುಲ ಅಗಲವಾದಷ್ಟೂ ಕೊಕ್ಕೆ ಜೋರು. ನಮ್ಮ ಬಿಳಿ ಪುಡಿಯಲ್ಲಿರುವ ಸ್ಯೂಡೊಮೊನಾಸ್ ಫ್ಲೋರೆಸೆನ್ಸ್ ಇನ್ನೂ ಒಂದು ಹೆಜ್ಜೆ ಮುಂದೆ. ಅದರ ಸಿಡೆರೊಫೋರ್ ಪಯೋವರ್ಡಿನ್ ತಾನೇ ಹಳದಿ-ಹಸಿರು ಬಣ್ಣದ್ದು, ನೇರಳಾತೀತ ದೀಪದಡಿ ಹಿಡಿದರೆ ಹೊಳೆಯುತ್ತದೆ. ಕಬ್ಬಿಣ ಕಡಿಮೆ ಇರುವ ತಟ್ಟೆಯಲ್ಲಿ ಬೆಳೆಸಿದಾಗಲಷ್ಟೇ ಆ ಹೊಳಪು ಚೆನ್ನಾಗಿ ಬರುತ್ತದೆ.

## ಒಬ್ಬರು ಎತ್ತಿದ್ದು ಇನ್ನೊಬ್ಬರ ಪಾಲು

ಹಗ್ಗವಿಲ್ಲದ ಗರಡಿ ಎಂದ ಮೇಲೆ ಕಳ್ಳತನ ಇದ್ದೇ ಇದೆ. ಸಿಡೆರೊಫೋರ್ ತಯಾರಿಸಲು ಸಾಕಷ್ಟು ಶಕ್ತಿ, ಸಾಮಗ್ರಿ ಬೇಕು. ಅದನ್ನು ತಯಾರಿಸದೆ ಬಾಗಿಲನ್ನು ಮಾತ್ರ ಇಟ್ಟುಕೊಂಡ ಬ್ಯಾಕ್ಟೀರಿಯಾಗಳಿವೆ. ಪಕ್ಕದವರು ಬಿಟ್ಟ ಅಣು ಕಬ್ಬಿಣ ಹೊತ್ತು ಬಂದಾಗ ಒಳಗೆ ಎಳೆದುಕೊಳ್ಳುತ್ತವೆ. ಸ್ಯೂಡೊಮೊನಾಸ್ ಕುಲದ ಅನೇಕ ಬ್ಯಾಕ್ಟೀರಿಯಾಗಳು ಸ್ವಂತ ಕೊಕ್ಕೆಯನ್ನೂ ಮಾಡುತ್ತವೆ, ಬೇರೆಯವರ ಕೊಕ್ಕೆಗೆ ಹೊಂದುವ ಬಾಗಿಲುಗಳನ್ನೂ ಸಾಲಾಗಿ ಇಟ್ಟುಕೊಂಡಿರುತ್ತವೆ.

ಕಳ್ಳತನ ಇದ್ದ ಕಡೆ ಬೀಗವೂ ಬದಲಾಗುತ್ತದೆ. ಪಯೋವರ್ಡಿನ್ ಒಂದರಲ್ಲೇ ಐವತ್ತಕ್ಕೂ ಹೆಚ್ಚು ಬಗೆಗಳು ಈವರೆಗೆ ಗುರುತಾಗಿವೆ. ಹಿಡಿಯುವ ಭಾಗ ಬಹುಮಟ್ಟಿಗೆ ಒಂದೇ ತೆರ, ಅದಕ್ಕೆ ಜೋಡಿಸಿದ ಅಮೈನೋ ಆಮ್ಲಗಳ ಸರ ಮಾತ್ರ ಬೇರೆ ಬೇರೆ. ಒಂದು ತಳಿಯ ಬಾಗಿಲು ತನ್ನ ಸರವನ್ನು ಗುರುತಿಸುತ್ತದೆ, ಪರರದ್ದನ್ನು ಹೆಚ್ಚಾಗಿ ಬಿಡುತ್ತದೆ.

ಇನ್ನೂ ಕಠಿಣವಾದ ಉಪಾಯವೂ ಇದೆ. ಮಣ್ಣಿನ ಸ್ಟ್ರೆಪ್ಟೊಮೈಸಿಸ್ ಕುಲದ ಕೆಲವು ಜೀವಿಗಳು ಸಿಡೆರೊಫೋರಿಗೆ ವಿಷ ಜೋಡಿಸಿ ಬಿಡುತ್ತವೆ. ಕಬ್ಬಿಣ ಎಂದು ಎಳೆದುಕೊಂಡ ಕಳ್ಳ ಸಾಯುತ್ತಾನೆ. ಅಲ್ಬೊಮೈಸಿನ್ ಅಂಥ ಒಂದು ಪ್ರತಿಜೈವಿಕ. ಇದೇ ಉಪಾಯವನ್ನು ಅನುಸರಿಸಿ ಮನುಷ್ಯರು ಮಾಡಿದ ಸೆಫಿಡೆರೊಕಾಲ್ ಎಂಬ ಔಷಧಿಗೆ 2019ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಥಲಸ್ಸೀಮಿಯಾ ಇರುವ ಮಕ್ಕಳಿಗೆ ಮತ್ತೆ ಮತ್ತೆ ರಕ್ತ ಕೊಟ್ಟಾಗ ಮೈಯಲ್ಲಿ ಕಬ್ಬಿಣ ಮಿತಿಮೀರಿ ಸೇರುತ್ತದೆ. ಅದನ್ನು ಹೊರತೆಗೆಯಲು ಕೊಡುವ ಡೆಸ್ಫೆರಾಲ್ ಕೂಡ ಮಣ್ಣಿನ ಸ್ಟ್ರೆಪ್ಟೊಮೈಸಿಸ್‌ನಿಂದ ಸಿಕ್ಕಿದ ಸಿಡೆರೊಫೋರೇ. ತೋಟದ ಮಾತಿನಿಂದ ಸ್ವಲ್ಪ ದೂರ ಬಂದೆ, ಆದರೆ ಬೇರಿನ ಬುಡದ ಮಣ್ಣು ಎಷ್ಟೊಂದು ಜೀವ ಉಳಿಸಿದೆ ಎಂದು ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ.

## ಗಿಡಕ್ಕೆ ತನ್ನದೇ ದಾರಿ

ಈ ಜಗಳದಲ್ಲಿ ಗಿಡ ಕೈಕಟ್ಟಿ ಕೂತಿಲ್ಲ. ಬದನೆ, ಮೆಣಸು, ಹುರುಳಿಯಂಥ ಗಿಡಗಳು ಬೇರಿನಿಂದ ಆಮ್ಲ ಬಿಟ್ಟು ಸುತ್ತಲಿನ ಮಣ್ಣನ್ನು ಹುಳಿ ಮಾಡುತ್ತವೆ. ಹುಳಿಯಲ್ಲಿ ತುಕ್ಕು ಕರಗುತ್ತದೆ. ಕರಗಿದ ಫೆರಿಕ್ ಕಬ್ಬಿಣವನ್ನು ಬೇರಿನ ಮೇಲ್ಮೈಯಲ್ಲೇ ಫೆರಸ್ ಮಾಡಿ ಒಳಗೆ ತೆಗೆದುಕೊಳ್ಳುತ್ತವೆ. ಹುಲ್ಲಿನ ಜಾತಿಯ ಜೋಳ, ಗೋಧಿ, ಬಾರ್ಲಿಯಂಥವು ಬ್ಯಾಕ್ಟೀರಿಯಾದ ಹಾಗೆ ತಾವೇ ಕೊಕ್ಕೆ ಬಿಡುತ್ತವೆ. ಬಾರ್ಲಿಯ ಬೇರು ಅದನ್ನು ಇಡೀ ದಿನ ಬಿಡುವುದಿಲ್ಲ. ಸೂರ್ಯ ಮೂಡಿ ಕೆಲವು ಗಂಟೆಗಳೊಳಗೆ ಒಮ್ಮೆಲೇ ಸುರಿಯುತ್ತದೆ. ನಿಧಾನವಾಗಿ ಬಿಟ್ಟರೆ ಬ್ಯಾಕ್ಟೀರಿಯಾಗಳು ಅದನ್ನು ತಿಂದು ಮುಗಿಸುತ್ತವೆ. ಒಟ್ಟಿಗೆ ಸುರಿದರೆ, ಅವು ತಿನ್ನುವ ಮೊದಲೇ ಕಬ್ಬಿಣ ಹಿಡಿದು ಬೇರಿಗೆ ಮರಳುತ್ತದೆ.

## ರೋಗಕ್ಕೂ ಇದಕ್ಕೂ ಏನು ಸಂಬಂಧ

ಕೆಲವು ಹೊಲಗಳಲ್ಲಿ ರೋಗದ ಶಿಲೀಂಧ್ರ ಇದ್ದರೂ ಗಿಡ ಸಾಯುವುದಿಲ್ಲ ಎಂಬುದನ್ನು ರೈತರೂ ವಿಜ್ಞಾನಿಗಳೂ ಬಹುಕಾಲದಿಂದ ಕಂಡಿದ್ದರು. 1980ರಲ್ಲಿ ಕ್ಯಾಲಿಫೋರ್ನಿಯಾದ ಕ್ಲೋಪರ್, ಲಿಯಾಂಗ್, ಟೈಂಟ್ಸೆ ಮತ್ತು ಶ್ರಾತ್ ಎಂಬವರು ಇದಕ್ಕೆ ಒಂದು ಕಾರಣ ತೋರಿಸಿದರು. ರೋಗ ಬರುವ ಮಣ್ಣಿಗೆ ಸ್ಯೂಡೊಮೊನಾಸನ್ನು ಹಾಕಿದಾಗ ರೋಗ ತಗ್ಗಿತು. ಜೀವಿಯನ್ನು ಬಿಟ್ಟು ಅದರ ಸಿಡೆರೊಫೋರನ್ನಷ್ಟೇ ಹಾಕಿದಾಗಲೂ ತಗ್ಗಿತು. ಆಮೇಲಿನ ಪ್ರಯೋಗವೇ ನಿಜವಾದ ಸಾಕ್ಷಿ. ರೋಗ ತಡೆಯುತ್ತಿದ್ದ ಮಣ್ಣಿಗೆ ಕರಗುವ ರೂಪದ ಕಬ್ಬಿಣ ಸೇರಿಸಿದರು, ಮಣ್ಣು ಆ ಶಕ್ತಿಯನ್ನು ಕಳೆದುಕೊಂಡಿತು. ಕಬ್ಬಿಣ ಎಲ್ಲರಿಗೂ ಸಿಕ್ಕಿದಾಗ ಜಗಳವೇ ಉಳಿಯಲಿಲ್ಲ, ರೋಗದ ಫ್ಯುಸೇರಿಯಂ ಶಿಲೀಂಧ್ರಕ್ಕೂ ಊಟ ದೊರಕಿತು.

ಹಾಗಾದರೆ ಸಿಡೆರೊಫೋರ್ ಬಿಡುವ ಬ್ಯಾಕ್ಟೀರಿಯಾ ಎಲ್ಲವೂ ಗಿಡದ ಮಿತ್ರವೇ? ಅಲ್ಲ. ಚೀನಾದ ನಾನ್‌ಜಿಂಗ್ ಕೃಷಿ ವಿಶ್ವವಿದ್ಯಾಲಯದ ತಂಡವೊಂದು 2020ರಲ್ಲಿ ಪ್ರಕಟಿಸಿದ ಕೆಲಸ ಇಲ್ಲಿ ಬಹಳ ಮುಖ್ಯ. ಟೊಮೆಟೊ ಗಿಡದ ಬೇರುವಲಯದಿಂದ 2,000ಕ್ಕೂ ಹೆಚ್ಚು ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸಿ, ಅವುಗಳ ಸಿಡೆರೊಫೋರುಗಳನ್ನು ರಾಲ್‌ಸ್ಟೋನಿಯಾ ಎಂಬ ರೋಗಾಣುವಿಗೆ ಕೊಟ್ಟು ನೋಡಿದರು. ರಾಲ್‌ಸ್ಟೋನಿಯಾಕ್ಕೆ ಬಾಗಿಲಿಲ್ಲದ ಕೊಕ್ಕೆಗಳು ಅದನ್ನು ಹಸಿವಿಗೆ ದೂಡಿದವು, ಗಿಡ ಉಳಿಯಿತು. ಅದು ಬಳಸಿಕೊಳ್ಳಬಲ್ಲ ಕೊಕ್ಕೆಗಳು ಅದನ್ನೇ ಬೆಳೆಸಿದವು. ಕೊಕ್ಕೆ ಎಷ್ಟಿದೆ ಎಂಬುದಕ್ಕಿಂತ ಆ ಕೊಕ್ಕೆಯನ್ನು ಶತ್ರು ಬಳಸಬಲ್ಲದೇ ಎಂಬುದೇ ಹೆಚ್ಚು ಬೆಲೆಯ ಪ್ರಶ್ನೆ.

ರಾಲ್‌ಸ್ಟೋನಿಯಾ ನಮಗೆ ಪರಕೀಯ ಅಲ್ಲ. ಮಳೆಗಾಲದಲ್ಲಿ ಹಸಿರಾಗಿದ್ದ ಬದನೆ, ಟೊಮೆಟೊ, ಹಸಿಮೆಣಸಿನ ಗಿಡ ಎಲೆ ಹಳದಿಯಾಗುವ ಮೊದಲೇ ಬಾಡಿ ಬೀಳುವ ಸೊರಗು ರೋಗ ಇದರದ್ದೇ. ಶುಂಠಿಯ ಪಾತಿಯನ್ನು ಖಾಲಿ ಮಾಡುವುದೂ ಇದೇ ಗುಂಪಿನ ಬ್ಯಾಕ್ಟೀರಿಯಾ. ಗುರುತಿಸಲು ಪ್ರಯೋಗಶಾಲೆ ಬೇಡ. ಬಾಡಿದ ಗಿಡದ ಬುಡದ ಕಾಂಡವನ್ನು ಓರೆಯಾಗಿ ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ತುದಿ ಮುಳುಗುವ ಹಾಗೆ ಅಲುಗಾಡಿಸದೆ ಹಿಡಿಯಿರಿ. ಕೆಲವೇ ನಿಮಿಷದಲ್ಲಿ ಕತ್ತರಿಸಿದ ಜಾಗದಿಂದ ಹಾಲಿನ ಎಳೆಯಂತೆ ಬಿಳಿಯಾದದ್ದು ಇಳಿಯತೊಡಗುತ್ತದೆ. ಆ ಎಳೆಯಲ್ಲಿರುವುದು ಬರೀ ಬ್ಯಾಕ್ಟೀರಿಯಾ.

## ಗುಡ್ಡದ ತೋಟ ಬೇರೆ, ಬೈಲಿನ ಗದ್ದೆ ಬೇರೆ

ಕಬ್ಬಿಣದ ಈ ಪೈಪೋಟಿ ಎಲ್ಲ ಕಡೆ ಒಂದೇ ತೆರನಾಗಿ ನಡೆಯುವುದಿಲ್ಲ. ಮಣ್ಣಿನ ಹುಳಿ ಮತ್ತು ನೀರು, ಎರಡೂ ಅದನ್ನು ತಿರುಗಿಸುತ್ತವೆ.

ಮಣ್ಣು ಹುಳಿಯಾದಷ್ಟೂ ಪಿಎಚ್ ಇಳಿಯುತ್ತದೆ. ಅದು ಒಂದು ಅಂಕಿ ಇಳಿದರೆ ಫೆರಿಕ್ ಕಬ್ಬಿಣ ಕರಗುವ ಪ್ರಮಾಣ ಸುಮಾರು ಸಾವಿರ ಪಟ್ಟು ಏರುತ್ತದೆ. ನಮ್ಮ ಕೆಂಪು ಮಣ್ಣಿನಲ್ಲಿ ಪಿಎಚ್ 5ರ ಆಸುಪಾಸು ಇರುವುದು ಸಾಮಾನ್ಯ. 7ಕ್ಕೆ ಹೋಲಿಸಿದರೆ ಹತ್ತು ಲಕ್ಷ ಪಟ್ಟು ಹೆಚ್ಚು ಎಂದಾಯಿತು. ಅಷ್ಟಾದರೂ ಬ್ಯಾಕ್ಟೀರಿಯಾಕ್ಕೆ ನಿರಾಳ ಅನ್ನಿಸುವ ಮಟ್ಟಕ್ಕಿಂತ ಅದು ಕಡಿಮೆಯೇ. ಆದರೆ ಹುಳಿ ಮಣ್ಣಿನಲ್ಲಿ ಕೊರತೆಯ ಬಿಗಿ ಸಡಿಲ, ಕೊಕ್ಕೆಯ ಆಯುಧಕ್ಕೆ ಹರಿತವೂ ಕಡಿಮೆ. ಸ್ಯೂಡೊಮೊನಾಸಿಗೆ ಬೇರೆ ಆಯುಧಗಳೂ ಇರುವುದು ಒಳ್ಳೆಯದೇ ಆಯಿತು. ಅದು ಶಿಲೀಂಧ್ರಗಳನ್ನು ತಡೆಯುವ ಪ್ರತಿಜೈವಿಕಗಳನ್ನು ಬಿಡುತ್ತದೆ, ಬೇರಿನ ಮೇಲೆ ಮೊದಲೇ ಜಾಗ ಹಿಡಿದು ಕೂರುತ್ತದೆ, ಗಿಡದ ಸ್ವಂತ ರೋಗನಿರೋಧಕ ವ್ಯವಸ್ಥೆಯನ್ನು ಎಚ್ಚರಿಸುತ್ತದೆ. ಒಳ್ಳೆಮೆಣಸಿನ ಸೊರಗಿಗೂ ಅಡಿಕೆಯ ಕೊಳೆರೋಗಕ್ಕೂ ಕಾರಣವಾದ ಫೈಟಾಫ್ತೊರಾದ ಮುಂದೆ ಕಬ್ಬಿಣ ಒಂದನ್ನೇ ನೆಚ್ಚಿಕೊಂಡು ಲೆಕ್ಕ ಹಾಕುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಕಬ್ಬಿಣದ ಪೈಪೋಟಿ ಸ್ಪಷ್ಟವಾಗಿ ರುಜುವಾದದ್ದು ಫ್ಯುಸೇರಿಯಂ ಮತ್ತು ರಾಲ್‌ಸ್ಟೋನಿಯಾದ ವಿಷಯದಲ್ಲಿ.

ಬೈಲಿಗೆ ಇಳಿದರೆ ಕಥೆ ತಲೆಕೆಳಗು. ನೀರು ನಿಂತ ಗದ್ದೆಯಲ್ಲಿ ಗಾಳಿ ಇಲ್ಲ, ತುಕ್ಕು ಫೆರಸ್ ಆಗಿ ಕರಗುತ್ತದೆ. ಗುಡ್ಡದಿಂದ ಒಸರುವ ನೀರೂ ಕಬ್ಬಿಣ ತರುತ್ತದೆ. ಅಲ್ಲಿ ಭತ್ತಕ್ಕೆ ಬರುವ ತೊಂದರೆ ಕೊರತೆಯದ್ದಲ್ಲ, ಅತಿಯಾಗುವುದರದ್ದು. ಎಲೆಯ ತುದಿಯಿಂದ ಕಂದು ಚುಕ್ಕೆ ಹಬ್ಬಿ, ಕೊನೆಗೆ ಗಿಡವೇ ತಾಮ್ರದ ಬಣ್ಣಕ್ಕೆ ತಿರುಗುತ್ತದೆ. ಇಂಥ ಗದ್ದೆಯಿಂದ ಒಂದು ಬುಡ ಕಿತ್ತು ತೊಳೆದರೆ ಹಳೆಯ ಬೇರುಗಳು ಇಟ್ಟಿಗೆ ಕೆಂಪು, ಎಳೆಯ ತುದಿಗಳು ಮಾತ್ರ ಬಿಳಿ. ಭತ್ತ ಎಲೆಯಿಂದ ಗಾಳಿ ಇಳಿಸಿ ಬೇರಿನಿಂದ ಹೊರಬಿಡುತ್ತದೆ, ಆ ಗಾಳಿ ತಾಗಿ ಕಬ್ಬಿಣ ಬೇರಿನ ಹೊರಗೇ ತುಕ್ಕಾಗಿ ಅಂಟಿದ್ದು ಆ ಕೆಂಪು. ಕಬ್ಬಿಣ ಹೀಗೆ ಧಾರಾಳವಾಗಿರುವಲ್ಲಿ ಸಿಡೆರೊಫೋರಿಗೆ ಮಾಡಲು ಕೆಲಸ ಇಲ್ಲ.

## ಪ್ಯಾಕೆಟ್ ಬಿಡಿಸುವ ಮೊದಲು

ಪುಡಿಯ ಬಿಳಿ ಬಣ್ಣ ಟಾಲ್ಕ್‌ನದ್ದು. ಕೆಲಸದ ವಸ್ತು ಅದರಲ್ಲಿರುವ ಜೀವಂತ ಬ್ಯಾಕ್ಟೀರಿಯಾ. ಆದ್ದರಿಂದ ಪ್ಯಾಕೆಟ್ ಮೇಲಿನ ತಾರೀಕು ಮುಖ್ಯ, ಬಿಸಿಲಿಗೆ ಇಡಬಾರದು. ಕೇರಳ ಕೃಷಿ ವಿಶ್ವವಿದ್ಯಾಲಯ ಹೇಳುವ ಪ್ರಮಾಣ ಲೀಟರ್ ನೀರಿಗೆ 20 ಗ್ರಾಂ. ರೋಗ ಬಂದ ಮೇಲೆ ಹಾಕುವುದಕ್ಕಿಂತ ಮೊದಲು ಹಾಕಿದರೆ ಫಲ ಹೆಚ್ಚು, ಯಾಕೆಂದರೆ ಇದು ಜಾಗ ಹಿಡಿದು ಕಬ್ಬಿಣ ಹಿಡಿಯುವ ಕೆಲಸ. ಸಸಿ ನೆಡುವಾಗ ಬೇರನ್ನು ಅದ್ದುವುದು, ಶುಂಠಿಯ ಬಿತ್ತನೆ ಗೆಡ್ಡೆಯನ್ನು ನೆನೆಸುವುದು ಅದಕ್ಕಾಗಿ. ಮಣ್ಣು ತೇವವಾಗಿರಲಿ. ಚೆನ್ನಾಗಿ ಕಳಿತ ಹಟ್ಟಿಗೊಬ್ಬರ ಇದ್ದರೆ ಬ್ಯಾಕ್ಟೀರಿಯಾಕ್ಕೆ ಆಹಾರ ಸಿಗುತ್ತದೆ.

ಮೈಲುತುತ್ತು ಮತ್ತು ಸುಣ್ಣ ಸೇರಿಸಿ ಮಾಡುವ ಬೋರ್ಡೋ ದ್ರಾವಣದ ಜೊತೆ ಈ ಪುಡಿಯನ್ನು ಯಾವ ಕಾರಣಕ್ಕೂ ಬೆರೆಸಬೇಡಿ. ಮೈಲುತುತ್ತಿನ ತಾಮ್ರ ರೋಗಾಣುವನ್ನು ಕೊಲ್ಲುವ ಹಾಗೆಯೇ ಸ್ಯೂಡೊಮೊನಾಸನ್ನೂ ಕೊಲ್ಲುತ್ತದೆ. ಬುಡಕ್ಕೆ ಬೋರ್ಡೋ ಹೊಯ್ದಿದ್ದರೆ ಎಷ್ಟು ದಿನ ಬಿಟ್ಟು ಪುಡಿ ಹಾಕಬೇಕೆಂದು ಕೃಷಿ ಭವನದಲ್ಲಿ ಕೇಳಿಯೇ ಹಾಕಿ. ಸುಣ್ಣ, ಬೂದಿ, ರಾಸಾಯನಿಕ ಗೊಬ್ಬರ ಕೂಡ ಅದೇ ದಿನ ಬೇಡ.

ಎಲ್ಲ ಪುಡಿಗಳಲ್ಲೂ ಇರುವುದು ಒಂದೇ ಜೀವಿಯಲ್ಲ ಎಂಬುದನ್ನೂ ಗಮನಿಸಬೇಕು. ಕಾಸರಗೋಡಿನ ಕೂಡ್ಲಿನಲ್ಲಿರುವ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ ತೆಂಗಿನ ಸಸಿಗಳಿಗಾಗಿ ತಯಾರಿಸಿದ ಕೇರ ಪ್ರೊಬಯೋದಲ್ಲಿರುವುದು ಸ್ಯೂಡೊಮೊನಾಸ್ ಅಲ್ಲ, ಬ್ಯಾಸಿಲಸ್. ಪ್ಯಾಕೆಟ್ ಹಿಂಬದಿಯಲ್ಲಿ ಜೀವಿಯ ಹೆಸರು, ಯಾವ ಬೆಳೆಗೆ ಎಂಬುದು ಬರೆದಿರುತ್ತದೆ. ಸೊರಗಿದ ಗಿಡದ ಕಾಂಡವನ್ನು ನೀರಿನಲ್ಲಿಟ್ಟು ನೋಡಿ, ತೋಟದ ಮಣ್ಣಿನ ಪಿಎಚ್ ಪರೀಕ್ಷೆ ಮಾಡಿಸಿ, ಆ ಎರಡು ವಿವರಗಳೊಂದಿಗೆ ಹೋದರೆ ಕೃಷಿ ಅಧಿಕಾರಿಗೂ ಸರಿಯಾದ ಪುಡಿಯನ್ನು ಸೂಚಿಸಲು ಸುಲಭ. ಪಿಎಚ್ ತೀರಾ ಕೆಳಗಿದ್ದರೆ ಅವರು ಮೊದಲು ಸುಣ್ಣವನ್ನೋ ಡೋಲೊಮೈಟನ್ನೋ ಹಾಕಲು ಹೇಳುತ್ತಾರೆ. ಅದು ಮಣ್ಣಿನಲ್ಲಿ ಬೆರೆತು ಕೆಲವು ವಾರ ಕಳೆದ ಮೇಲೆ ಪುಡಿಯ ಸರದಿ.